ಸಣ್ಣ ಟರ್ಬೊ ಎಂಜಿನ್: ಮುಂಗಡ ಕೊಡುವ ಮೊದಲು ಇದನ್ನು ಓದಿ

ಒಂದು ಲೀಟರ್ ಆಸುಪಾಸಿನ, ಮೂರು ಸಿಲಿಂಡರ್‌ಗಳ ಟರ್ಬೊ ಪೆಟ್ರೋಲ್ ಕಾರನ್ನು ಮನೆಬಳಕೆಗೆಂದು ನೋಡಿಟ್ಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಂಥದೊಂದು ಕಾರಿತ್ತು. ಹೊಸದಾಗಿ ಕೊಂಡದ್ದು, ಹೇಳಿದ ಹೊತ್ತಿಗೆ ಕಂಪನಿಯ ಸರ್ವೀಸ್ ಕೇಂದ್ರದಲ್ಲಿಯೇ ಸರ್ವೀಸ್ ಮಾಡಿಸಿದ್ದು. ಅತಿವೇಗದ ಚಾಳಿ ಮನೆಯಲ್ಲಿ ಯಾರಿಗೂ ಇಲ್ಲ. ಆದರೂ ವಾರಂಟಿ ಮುಗಿದ ಕೆಲವೇ ತಿಂಗಳಿಗೆ ಪಿಸ್ಟನ್ ಒಡೆಯಿತು. ಕಂಪನಿಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ, ಬೇರೆ ಕಂಪನಿಯ ಇಂಥದೇ ಎಂಜಿನ್ ಕೊಳ್ಳಲಿರುವವರು ಇದು ತಮಗಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ.

ಟೆಸ್ಟ್ ಡ್ರೈವ್‌ನಲ್ಲಿ ಈ ಎಂಜಿನ್ ಯಾರ ಮನಸ್ಸನ್ನಾದರೂ ಗೆಲ್ಲುತ್ತದೆ. ಹೊಗೆಕೊಳವೆಯ ಮೂಲಕ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಟರ್ಬೊದ ಕೆಲಸ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸಣ್ಣ ಕಾರಿನ ಟರ್ಬೊ ದಂಡ ನಿಮಿಷಕ್ಕೆ 2 ಲಕ್ಷ ಸುತ್ತುಗಳನ್ನೂ ಮೀರಬಲ್ಲದು. ಹೀಗೆ ತುಂಬಿದ ಗಾಳಿಯಿಂದಾಗಿ ಒಂದು ಲೀಟರಿನ ಎಂಜಿನ್ ಒಂದೂವರೆ ಲೀಟರಿನದರಂತೆ ಎಳೆಯುತ್ತದೆ, ಅದೂ ಎಂಜಿನ್ನಿನ ವೇಗ ನಿಮಿಷಕ್ಕೆ 2,000 ಸುತ್ತುಗಳ ಒಳಗಿರುವಾಗಲೇ. ಷೋರೂಮಿನವರು ಮೊದಲೇ ಬಿಸಿಯಾಗಿರುವ ಕಾರನ್ನು ಕೊಡುತ್ತಾರೆ, ಒಳಗೆ ಇರುವವರು ನೀವು ಮತ್ತು ಮಾರಾಟಗಾರ, ರಸ್ತೆ ಅವರೇ ಆರಿಸಿದ್ದು. ಮನೆಮಂದಿ, ಸಾಮಾನು, ಎ.ಸಿ., ಏರುದಾರಿ ಇವೆಲ್ಲ ಒಟ್ಟಿಗೆ ಬಂದಾಗ ಅದೇ ಎಂಜಿನ್ ಬೇರೆಯೇ ಪ್ರಾಣಿ. ಟರ್ಬೊ ಎಚ್ಚರಗೊಳ್ಳುವ ಮುಂಚಿನ ಆ ಕ್ಷಣಗಳಲ್ಲಿ ನಿಮ್ಮ ಬಳಿ ಇರುವುದು ಬರಿಯ ಒಂದು ಲೀಟರ್ ಎಂಜಿನ್. ಇಳಿಜಾರಿನಲ್ಲಿ ನಿಂತ ಕಾರನ್ನು ಮೇಲಕ್ಕೆ ಹೊರಡಿಸುವಾಗ ಕ್ಲಚ್ ಸುಟ್ಟ ವಾಸನೆ ನಮಗೆ ರೂಢಿಯಾಗಿಬಿಟ್ಟಿತ್ತು.

ಮೈಲೇಜಿನ ಮಾತನ್ನು ಬೇಗ ಮುಗಿಸುತ್ತೇನೆ. ಈ ಬಗೆಯ ಎಂಜಿನ್‌ಗಳು ಹೆಚ್ಚಾಗಿ ಬಂದದ್ದು ಯುರೋಪಿನಲ್ಲಿ ಎನ್‌ಇಡಿಸಿ ಎಂಬ ಹಳೆಯ ಇಂಧನ ಪರೀಕ್ಷೆ ಜಾರಿಯಲ್ಲಿದ್ದ ಕಾಲದಲ್ಲಿ. ಅದರ ನಗರ ಭಾಗದಲ್ಲಿ ಕಾರು ನಿಂತಲ್ಲಿಂದ 50 ಕಿ.ಮೀ. ವೇಗಕ್ಕೆ ಏರಲು 26 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಷ್ಟು ನಿಧಾನವಾಗಿ ಹೋದರೆ ಟರ್ಬೊಗೆ ಕೆಲಸವೇ ಇಲ್ಲ, ಸಣ್ಣ ಎಂಜಿನ್ ಸಣ್ಣದರಷ್ಟೇ ಕುಡಿಯುತ್ತದೆ. 2017ರ ಸೆಪ್ಟೆಂಬರಿನಿಂದ ಅಲ್ಲಿ ಹೆಚ್ಚು ಬಿಗಿಯಾದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಬಂತು. ನಿಜವಾದ ರಸ್ತೆಯಲ್ಲಿ, ಭಾರ ಹೊತ್ತು ಕಾಲೊತ್ತಿ ಓಡಿಸಿದಾಗ, ಟರ್ಬೊ ಮತ್ತು ಪಿಸ್ಟನ್ ಅತಿಯಾಗಿ ಕಾಯದಿರಲೆಂದು ಇಂಥ ಎಷ್ಟೋ ಎಂಜಿನ್‌ಗಳು ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಸುರಿಯುತ್ತವೆ. ತಂಪು ಮಾಡಲು ಪೆಟ್ರೋಲ್! ಒಬ್ಬನೇ ಹೆದ್ದಾರಿಯಲ್ಲಿ ಹೋದಾಗ ಜಾಹೀರಾತಿನ ಅಂಕಿಯ ಹತ್ತಿರ ಬರುತ್ತಿದ್ದ ನಮ್ಮ ಕಾರು, ಮನೆಮಂದಿಯೆಲ್ಲ ಹತ್ತಿದಾಗ ದೊಡ್ಡ ಎಂಜಿನ್ನಿನ ಹಳೆಯ ಕಾರಿಗಿಂತ ಹೆಚ್ಚು ಕುಡಿಯುತ್ತಿತ್ತು. ಇದನ್ನು ನುಂಗಿಕೊಳ್ಳಬಹುದಿತ್ತು.

ನುಂಗಿಕೊಳ್ಳಲಾಗದ್ದು ಆಯಿಲ್‌ನ ಕಥೆ. ನಮ್ಮ ಓಡಾಟವೆಂದರೆ ಮಕ್ಕಳನ್ನು ಶಾಲೆಗೆ ಬಿಡುವುದು, ಅಂಗಡಿಗೆ ಹೋಗುವುದು, ಮತ್ತೆ ಮನೆ. ಕುಟುಂಬದ ಕಾರುಗಳಲ್ಲಿ ಬಹುಪಾಲು ಹೀಗೆಯೇ ಓಡುತ್ತವೆ. ಮುಂಭಾಗದ ಶಾಖದ ಮುಳ್ಳು ನಡುವಿಗೆ ಬಂದರೂ ಅದು ತೋರಿಸುವುದು ಎಂಜಿನ್ನನ್ನು ತಂಪಾಗಿಡುವ ದ್ರವದ, ಅಂದರೆ ಕೂಲೆಂಟ್‌ನ ಬಿಸಿಯನ್ನು. ಎಂಜಿನ್ ಆಯಿಲ್ ಪೂರ್ತಿ ಕಾಯಲು ಇನ್ನೂ ಹೊತ್ತು ಬೇಕು. ಈ ಎಂಜಿನ್‌ಗಳಲ್ಲಿ ಹೆಚ್ಚಿನವು ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಗೇ ಸಿಂಪಡಿಸುತ್ತವೆ. ತಣ್ಣಗಿರುವಾಗ ಅದರಲ್ಲೊಂದಿಷ್ಟು ಗೋಡೆಗೆ ಅಂಟಿ, ಪಿಸ್ಟನ್ ಸುತ್ತಲಿನ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಕಾಯುವ ಮೊದಲೇ ಎಂಜಿನ್ ನಿಲ್ಲಿಸಿದರೆ ಅಲ್ಲಿಯೇ ಉಳಿಯುತ್ತದೆ, ದಿನದಿನಕ್ಕೂ ಹೆಚ್ಚುತ್ತದೆ, ಆಯಿಲನ್ನು ತೆಳುವಾಗಿಸುತ್ತದೆ.

ನಮ್ಮ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿತ್ತು. ಮೂಗಿನ ಬಳಿ ಹಿಡಿದರೆ ಪೆಟ್ರೋಲ್ ವಾಸನೆ. ಸರ್ವೀಸ್ ಕೇಂದ್ರದವರಿಗೆ ತೋರಿಸಿದೆ. “ಸರ್, ಆಯಿಲ್ ಕಡಿಮೆಯಾದರೆ ಮಾತ್ರ ಚಿಂತೆ. ನಿಮ್ಮ ಎಂಜಿನ್ ಗಟ್ಟಿಯಾಗಿದೆ” ಎಂದು ನಕ್ಕರು. ಎಂಜಿನ್ನಿನೊಳಗೆ ಆಯಿಲ್ ಹುಟ್ಟುವುದಿಲ್ಲ ಎಂದು ಹೇಳಿ ನೋಡಿದೆ. ಮುಂದಿನ ಸರ್ವೀಸ್‌ವರೆಗೆ ಬದಲಿಸುವ ಅಗತ್ಯವಿಲ್ಲವೆಂದು ಕಾಗದದಲ್ಲಿ ಬರೆದು ಕಳುಹಿಸಿದರು.

ಒಡೆದದ್ದು ರಜೆಯ ಪ್ರಯಾಣದಲ್ಲಿ, ಏರುದಾರಿಯಲ್ಲಿ. ಕಾರು ತುಂಬಿತ್ತು. ಮುಂಭಾಗದ ಪರದೆಯಲ್ಲಿ ಮೇಲಿನ ಗೇರ್‌ಗೆ ಬದಲಿಸಿ ಎನ್ನುವ ಬಾಣದ ಗುರುತು ಉರಿಯುತ್ತಿತ್ತು. ಮೈಲೇಜ್ ಉಳಿಸಲೆಂದು ಇಟ್ಟಿರುವ ಆ ಬಾಣಕ್ಕೆ ಏರು, ಭಾರ ಯಾವುದೂ ಹೆಚ್ಚಾಗಿ ಲೆಕ್ಕಕ್ಕಿಲ್ಲ. ಮೇಲಿನ ಗೇರ್‌ನಲ್ಲಿ, ಕಡಿಮೆ ಸುತ್ತಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಸುತ್ತಿಗೆಯಿಂದ ಹೊಡೆದಂಥ ಒಂದು ಸದ್ದು. ಆಮೇಲೆ ಇಡೀ ಕಾರು ನಡುಗತೊಡಗಿತು, ಎಂಜಿನ್ ದೀಪ ಮಿಟುಕಿತು. ಬಿಚ್ಚಿ ನೋಡಿದಾಗ ಪಿಸ್ಟನ್‌ನಲ್ಲಿ ರಿಂಗುಗಳ ನಡುವಿನ ಅಂಚು ಮುರಿದುಬಿದ್ದಿತ್ತು.

ಎಂಜಿನ್ ತಯಾರಕರಿಗೆ ಇದು ಹೊಸ ವಿಷಯವಲ್ಲ. ಲೋ ಸ್ಪೀಡ್ ಪ್ರಿ-ಇಗ್ನಿಷನ್ ಎಂದು ಕರೆಯುತ್ತಾರೆ. ಕಡಿಮೆ ಸುತ್ತು, ಹೆಚ್ಚು ಹೊರೆ ಇರುವಾಗ, ಸಿಲಿಂಡರ್ ಗೋಡೆಯಿಂದ ಎದ್ದ ಆಯಿಲ್-ಪೆಟ್ರೋಲ್ ಮಿಶ್ರಣದ ಹನಿಯೋ ಮಸಿಯ ಕಣವೋ, ಪ್ಲಗ್ ಕಿಡಿ ಹಾರಿಸುವ ಮೊದಲೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಮೇಲಿನಿಂದ ಭಾರಿ ಏಟು ಬೀಳುತ್ತದೆ. ಒಂದೇ ಏಟಿಗೆ ಪಿಸ್ಟನ್ ಮುರಿಯಬಹುದು. ಆಯಿಲ್‌ಗೆ ಬೆರೆಸುವ ಕ್ಯಾಲ್ಸಿಯಂ ಆಧಾರಿತ ರಾಸಾಯನಿಕ ಇದನ್ನು ಹೆಚ್ಚಿಸುತ್ತದೆ ಎಂದು ತಿಳಿದ ಮೇಲೆ ಆಯಿಲ್ ಮಾನದಂಡವೇ ಬದಲಾಯಿತು: ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗೊತ್ತುಮಾಡುವ ದರ್ಜೆಗಳಲ್ಲಿ ಎಪಿಐ ಎಸ್‌ಎನ್ ಪ್ಲಸ್ 2018ರಲ್ಲಿ ಬಂತು, ಎಪಿಐ ಎಸ್‌ಪಿ 2020ರಲ್ಲಿ. ಡಬ್ಬಿಯ ಮೇಲೆ ಈ ಅಕ್ಷರಗಳು ಇರುತ್ತವೆ. ನಮ್ಮ ಬಿಲ್ಲುಗಳಲ್ಲಿ ಇದ್ದದ್ದು “ಸಿಂಥೆಟಿಕ್ ಆಯಿಲ್” ಎಂಬ ಎರಡು ಪದ ಮಾತ್ರ. ಯಾವ ದರ್ಜೆಯದು ಎಂದು ಕೇಳಿದ್ದಕ್ಕೆ ಕಂಪನಿ ಹೇಳಿದ್ದನ್ನೇ ಹಾಕುತ್ತೇವೆ ಎಂದರು.

ಸರ್ವೀಸ್ ಕೇಂದ್ರದವರು ಮೊದಲು ದೂಷಿಸಿದ್ದು ಪೆಟ್ರೋಲನ್ನು. ಕಲಬೆರಕೆ ಇರಬೇಕು ಎಂದರು. ಪರೀಕ್ಷೆ ಮಾಡಿಸೋಣ ಎಂದಾಗ ಆ ಮಾತು ಬಿಟ್ಟು, ಮಾಲೀಕರ ಕೈಪಿಡಿಯನ್ನು ತೆರೆದು ನನ್ನ ಮುಂದಿಟ್ಟರು. ಸರ್ವೀಸ್ ಪಟ್ಟಿಯ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ “ಕಠಿಣ ಬಳಕೆ” ಎಂಬ ಭಾಗವಿತ್ತು: ಮೇಲಿಂದ ಮೇಲೆ ಕಿರು ಪ್ರಯಾಣ, ದಟ್ಟಣೆಯಲ್ಲಿ ನಿಂತು ಹೊರಡುವುದು, ಧೂಳು, ಬೆಟ್ಟದ ದಾರಿ ಇದ್ದರೆ ಆಯಿಲನ್ನು ಅರ್ಧ ಅವಧಿಗೇ ಬದಲಿಸಬೇಕು. “ನಿಮ್ಮ ಬಳಕೆ ಇದಕ್ಕೆ ಸೇರುತ್ತದೆ ಸರ್, ಆದ್ದರಿಂದ ಕಂಪನಿ ಏನೂ ಕೊಡುವುದಿಲ್ಲ.” ಕಾರಿನ ಬಾಗಿಲ ಬಳಿ ಪೂರ್ಣ ಅವಧಿಯ ದಿನಾಂಕದ ಚೀಟಿ ಅಂಟಿಸಿದವರು ಇವರೇ. ಆಯಿಲ್ ಬದಲಿಸಬೇಡಿ ಎಂದು ಬರೆದುಕೊಟ್ಟವರೂ ಇವರೇ. ಮಾರುವಾಗ “ಕುಟುಂಬಕ್ಕೆ ಹೇಳಿ ಮಾಡಿಸಿದ ಕಾರು”, ಕೆಟ್ಟ ಮೇಲೆ ಕುಟುಂಬದ ಬಳಕೆಯೇ ಕಠಿಣ ಬಳಕೆ! ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದ, ಬಹಳ ಜಗಳದ ನಂತರ ಬಿಡಿಭಾಗಗಳ ಬೆಲೆಯಲ್ಲಿ ಒಂದು ಪಾಲು ಬಿಟ್ಟರು. ಕೂಲಿ ನಮ್ಮದೇ.

ಎಂಜಿನ್ನೇ ಕೆಟ್ಟದ್ದು ಎಂದು ಹೇಳಲಾರೆ. ದಿನವೂ ದೂರ ಓಡಿಸುವವರಿಗೆ ಇದು ಒಳ್ಳೆಯದೇ. ಎತ್ತರದ ಪ್ರದೇಶದವರಿಗಂತೂ ಲಾಭವಿದೆ: 2,000 ಮೀಟರ್ ಎತ್ತರದಲ್ಲಿ ಸಾಮಾನ್ಯ ಎಂಜಿನ್ ತನ್ನ ಶಕ್ತಿಯ ಸುಮಾರು ಐದನೇ ಒಂದು ಭಾಗ ಕಳೆದುಕೊಂಡರೆ, ಟರ್ಬೊ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆದರೆ ಪ್ರಶಸ್ತಿ ನೋಡಿ ನಂಬಬೇಡಿ. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್ 2012ರಿಂದ 2014ರವರೆಗೆ ಸತತವಾಗಿ ‘ವರ್ಷದ ಅಂತರರಾಷ್ಟ್ರೀಯ ಎಂಜಿನ್’ ಎನಿಸಿತ್ತು. ಅದರ ಆಯಿಲ್ ಪಂಪ್ ಬೆಲ್ಟ್‌ನ ದೋಷಕ್ಕಾಗಿ 2023ರಲ್ಲಿ ಅಮೆರಿಕದಲ್ಲಿ ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ನಮ್ಮದು ಆ ಕಾರಲ್ಲ.

ಷೋರೂಮಿನಲ್ಲಿ ಕೇಳಬೇಕಾದದ್ದು ಇಷ್ಟು. ಎಂಜಿನ್ನಿನ ವಾಲ್ವ್‌ಗಳನ್ನು ನಡೆಸಲು ಬೆಲ್ಟ್ ಇದೆಯೋ ಚೈನ್ ಇದೆಯೋ, ಬೆಲ್ಟ್ ಆದರೆ ಅದು ಆಯಿಲ್‌ನಲ್ಲಿ ಮುಳುಗಿರುತ್ತದೆಯೋ. ಕಠಿಣ ಬಳಕೆಗೆ ಆಯಿಲ್ ಅವಧಿ ಎಷ್ಟು, ಯಾವ ದರ್ಜೆ. ಉತ್ತರವನ್ನು ಬರಹದಲ್ಲಿ ಪಡೆಯಿರಿ, ಬಾಯಿಮಾತು ಬೇಡ. ನಿಮ್ಮ ಓಡಾಟ ನಮ್ಮದರಂತೆಯೇ ಇದ್ದರೆ, ಪೆಟ್ರೋಲನ್ನು ಇನ್‌ಟೇಕ್ ಕೊಳವೆಯಲ್ಲಿ ಸಿಂಪಡಿಸುವ, ಟರ್ಬೊ ಇಲ್ಲದ ಸ್ವಲ್ಪ ದೊಡ್ಡ ಎಂಜಿನ್ನನ್ನೂ ಅಂಥ ಎಂಜಿನ್ ಇರುವ ಹೈಬ್ರಿಡ್‌ಗಳನ್ನೂ ಓಡಿಸಿ ನೋಡಿ. ಈಗಾಗಲೇ ಟರ್ಬೊ ಕೊಂಡಿರುವವರು ಏರಿನಲ್ಲಿ ಆ ಬಾಣದ ಮಾತು ಕೇಳದೆ ಕೆಳಗಿನ ಗೇರ್ ಹಾಕಿ, ಎಂಜಿನ್ ಕೂಗಿದರೆ ಕೂಗಲಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆಯನ್ನು ದಾಟಿದ್ದರೆ ಅಂದೇ ಫೋಟೊ ತೆಗೆದಿಟ್ಟುಕೊಂಡು ಆಯಿಲ್ ಬದಲಿಸಲು ಕೇಳಿ; ಒಪ್ಪದಿದ್ದರೆ ಸಹಿ ಹಾಕಿಸಿಕೊಂಡು, ಸ್ವಂತ ಖರ್ಚಿನಲ್ಲಿಯಾದರೂ ಬದಲಿಸಿ.