ಡಿವಿಡಿಯಿಂದ ಫೈಲ್‌ಗೆ: ಮೇಕ್‌ಎಂಕೆವಿಯೋ, ಹ್ಯಾಂಡ್‌ಬ್ರೇಕೋ?

ಡಿಸ್ಕ್ ಓದುವುದು ಒಂದು ಕೆಲಸ, ಓದಿದ್ದನ್ನು ಕುಗ್ಗಿಸುವುದು ಇನ್ನೊಂದು. ವಿಡಿಯೊ ಕುಗ್ಗಿಸುವ ತಂತ್ರಾಂಶ ಹ್ಯಾಂಡ್‌ಬ್ರೇಕ್‌ಗೆ ನೇರವಾಗಿ ಡಿಸ್ಕ್ ಕೊಟ್ಟರೆ ಎರಡನ್ನೂ ಒಟ್ಟಿಗೆ ಮಾಡಲು ಹೋಗುತ್ತದೆ, ತಾಪತ್ರಯ ಶುರುವಾಗುವುದೇ ಅಲ್ಲಿ. ಗೀರು ಬಿದ್ದ ಜಾಗ ಬಂದರೆ ಎನ್‌ಕೋಡ್ (ವಿಡಿಯೊವನ್ನು ಹೊಸ ರೂಪಕ್ಕೆ ಕುಗ್ಗಿಸುವ ಕೆಲಸ) ನಡುವೆಯೇ ಕೈಕೊಡಬಹುದು. ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಡಿಸ್ಕನ್ನು ಮೊದಲಿಂದ ಓದಿಸಬೇಕು. ಕಾಪಿ ತಡೆ ಇರುವ ಡಿಸ್ಕನ್ನಂತೂ ಅದು ತಾನಾಗಿ ಬಿಡಿಸುವುದಿಲ್ಲ.

ಮೇಕ್‌ಎಂಕೆವಿ ಎಂಬ ತಂತ್ರಾಂಶ ಓದುವುದಷ್ಟನ್ನೇ ಮಾಡುತ್ತದೆ. ಡಿವಿಡಿಯಲ್ಲಿರುವ ಎಂಪೆಗ್-2 ರೂಪದ ವಿಡಿಯೊವನ್ನು ಮುಟ್ಟದೆ, ಆಡಿಯೊ, ಸಬ್‌ಟೈಟಲ್ ಸಮೇತ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಎಂಕೆವಿ ಫೈಲ್ ಮಾಡಿಕೊಡುತ್ತದೆ. ಗುಣಮಟ್ಟ ಕಿಂಚಿತ್ತೂ ಇಳಿಯುವುದಿಲ್ಲ. ಗಾತ್ರವೂ ಅಷ್ಟೇ: ಒಂದು ಪದರದ ತುಂಬಿದ ಡಿಸ್ಕ್ 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಒಂದು ಕೊಕ್ಕೆ ಇದೆ. 120 ಸೆಕೆಂಡಿಗಿಂತ ಚಿಕ್ಕ ಟೈಟಲ್‌ಗಳನ್ನು (ಡಿಸ್ಕಿನ ಬಿಡಿ ವಿಡಿಯೊಗಳನ್ನು) ಅದು ಕೇಳದೆಯೇ ಬಿಟ್ಟುಬಿಡುತ್ತದೆ. ಮನೆಯಲ್ಲಿ ತೆಗೆದ ವಿಡಿಯೊಗಳ ಡಿಸ್ಕಿನಲ್ಲಿ ನಿಮಿಷದ ತುಣುಕುಗಳೇ ಇದ್ದರೆ ಪಟ್ಟಿ ಖಾಲಿ ಕಾಣುತ್ತದೆ. ಪ್ರಿಫರೆನ್ಸಸ್‌ನಲ್ಲಿ ಆ ಮಿತಿಯನ್ನು 5ಕ್ಕೆ ಇಳಿಸಿ.

ಐಎಸ್‌ಒ, ಅಂದರೆ ಇಡೀ ಡಿಸ್ಕಿನ ಯಥಾಪ್ರತಿಯ ಫೈಲ್, ಮಾಡಿಟ್ಟುಕೊಳ್ಳುವುದು ಮೂರನೆಯ ದಾರಿ. ಮೆನು ಬೇಕೇ ಬೇಕು ಅನ್ನುವವರಿಗೆ ಸರಿ, ಸ್ಟ್ರೀಮಿಂಗ್‌ಗೆ ದಂಡ.

ಹಾಗಂತ ಹ್ಯಾಂಡ್‌ಬ್ರೇಕನ್ನು ಬದಿಗಿಡುವಂತಿಲ್ಲ. ಬ್ರೌಸರ್‌ಗಳು ಎಂಪೆಗ್-2 ಓಡಿಸುವುದಿಲ್ಲ, ಮನೆಯ ವಿಡಿಯೊಗಳನ್ನು ಬೇರೆ ಸಾಧನಗಳಿಗೆ ಸ್ಟ್ರೀಮ್ ಮಾಡುವ ಜೆಲ್ಲಿಫಿನ್ ಸರ್ವರ್ ಪ್ರತಿ ಸಲವೂ ಹೊಸದಾಗಿ ಎನ್‌ಕೋಡ್ ಮಾಡುತ್ತ ಏದುಸಿರು ಬಿಡುತ್ತದೆ. ಆದ್ದರಿಂದ ಎಂಕೆವಿ ಫೈಲನ್ನೇ ಹ್ಯಾಂಡ್‌ಬ್ರೇಕ್‌ಗೆ ಕೊಡಿ: ಎನ್‌ಕೋಡರ್ ಎಕ್ಸ್264, ಗುಣಮಟ್ಟದ ಅಂಕಿ ಆರ್‌ಎಫ್ 19 ಅಥವಾ 20. ಎರಡು ಗಂಟೆಯ ಚಿತ್ರ ಸಾಮಾನ್ಯವಾಗಿ 1ರಿಂದ 2 ಜಿಬಿಗೆ ಬರುತ್ತದೆ, ಮಸುಕು ಬೆಳಕಿನ ಕಾಳುಕಾಳಾದ ದೃಶ್ಯಗಳಿದ್ದರೆ ಹೆಚ್ಚು. 720×576ರ ಮೂಲವನ್ನು 1080ಕ್ಕೆ ಹಿಗ್ಗಿಸಿದರೆ ಫೈಲ್ ಊದುತ್ತದೆಯೇ ಹೊರತು ವಿವರ ಹುಟ್ಟುವುದಿಲ್ಲ.

ಜನ ಎಡವುವುದು ಇಂಟರ್‌ಲೇಸ್, ಅಂದರೆ ಪ್ರತಿ ಫ್ರೇಮನ್ನು ಬೆಸ, ಸರಿ ಗೆರೆಗಳ ಎರಡು ಅರ್ಧಗಳಾಗಿ ಇಡುವ ಪದ್ಧತಿಯ ವಿಷಯದಲ್ಲಿ. ಬೀಸುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಅಡ್ಡಗೆರೆ ಕಂಡರೆ ಅದೇ ಕಾರಣ. ಹ್ಯಾಂಡ್‌ಬ್ರೇಕಿನ ಫಿಲ್ಟರ್ಸ್‌ನಲ್ಲಿ ಈ ಗೆರೆ ತೆಗೆಯುವ ಡಿಇಂಟರ್‌ಲೇಸ್‌ಗೆ ಬಿಡಬ್ಲ್ಯುಡಿಐಎಫ್ ಎಂಬ ವಿಧಾನ ಆರಿಸಿ. ಕ್ಯಾಮ್‌ಕಾರ್ಡರ್ ವಿಡಿಯೊ ಆದರೆ ಅದರಲ್ಲೇ ಬಾಬ್ (ಪ್ರತಿ ಅರ್ಧವನ್ನೂ ಒಂದು ಫ್ರೇಮ್ ಮಾಡುವ ಆಯ್ಕೆ) ಆರಿಸಿದರೆ ಪಾಲ್ (ಭಾರತದ ಟಿವಿ ಮಾನದಂಡ) ಡಿಸ್ಕಿನ ಸೆಕೆಂಡಿಗೆ 25 ಫ್ರೇಮ್ 50 ಆಗಿ ಚಲನೆ ನುಣುಪಾಗುತ್ತದೆ. ಗೆರೆಗಳನ್ನು ಹಾಗೇ ಬಿಟ್ಟು ಎನ್‌ಕೋಡ್ ಮಾಡಿದರೆ ಆಮೇಲೆ ಚೊಕ್ಕವಾಗಿ ತೆಗೆಯುವುದು ಕಷ್ಟ.

ಡಿವಿಡಿಯ ಎಸಿ3 ರೂಪದ ಆಡಿಯೊ ಜೊತೆಗೆ ಎಎಸಿ ರೂಪದ ಒಂದು ಟ್ರ್ಯಾಕ್ ಸೇರಿಸಿ, ಇಲ್ಲದಿದ್ದರೆ ಕೆಲವು ಫೋನ್‌ಗಳಲ್ಲಿ ಚಿತ್ರ ಮೂಕಿ. ಡಿವಿಡಿಯ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಅದನ್ನು ಆನ್ ಮಾಡಿದೊಡನೆ ಎಷ್ಟೋ ಸಲ ಸರ್ವರ್ ಇಡೀ ವಿಡಿಯೊವನ್ನೇ ಮತ್ತೆ ಎನ್‌ಕೋಡ್ ಮಾಡಲು ಕೂರುತ್ತದೆ. ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶದಲ್ಲಿ ಒಸಿಆರ್ ಮಾಡಿ (ಚಿತ್ರದಿಂದ ಅಕ್ಷರ ಗುರುತಿಸಿ) ಎಸ್‌ಆರ್‌ಟಿ ಎಂಬ ಅಕ್ಷರರೂಪದ ಫೈಲ್ ಇಟ್ಟುಕೊಂಡರೆ ಆ ಕಾಟ ಇಲ್ಲ. ಆರಂಭ, ನಡು, ಕೊನೆ ಮೂರೂ ಕಡೆ ಓಡಿಸಿ ನೋಡುವ ತನಕ ಮೂಲ ಎಂಕೆವಿ ಅಳಿಸಬೇಡಿ.