ಎಂಬತ್ತು ಸಾವಿರದ ಫೋನಿಗೂ ಗುಡ್ಡೆ ಹತ್ತಬೇಕು

ಹೋದ ವರ್ಷ ಚಾಲಿ ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. ಬೇರೇನೋ ಕೆಲಸಕ್ಕೆ ಮಂಗಳೂರಿಗೆ ಹೋದವನು 79,999 ರೂಪಾಯಿಯ ಫೋನ್ ಹಿಡಿದುಕೊಂಡು ಬಂದೆ. ಅದಕ್ಕೆ ಮೊದಲು ನಾಲ್ಕು ವರ್ಷ ಬಳಸಿದ್ದು 14,000ದ್ದು. ಈಗ ಹೊಸದಕ್ಕೆ 14 ತಿಂಗಳಾಯಿತು. ಕಂಪೆನಿ ಹೆಸರು ಬೇಡ, ಸುಮ್ನೆ ಯಾಕೆ ಜಗಳ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡೆಯ ಬುಡದಲ್ಲಿ. ಬಾವಿಕಟ್ಟೆಯ ಹತ್ತಿರ ನಿಂತರೆ ರೇಂಜ್ ಒಂದು ಕಡ್ಡಿ. ಮೇಲೆ ಗೇರುಮರದ ಬುಡಕ್ಕೆ ಹೋದರೆ ಮೂರು. ದುಬಾರಿ ಫೋನಾದರೆ ಮನೆಯೊಳಗೇ ರೇಂಜ್ ಸಿಗುತ್ತದೆ ಅಂತ ಅಂಗಡಿಯ ಹುಡುಗ ಹೇಳಿದ್ದ. ಬಂದ ದಿನವೇ ಹಳೆಯದನ್ನೂ ಹೊಸದನ್ನೂ ಜಗಲಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಒಂದೇ ಕಡ್ಡಿ. ಟವರ್ ಗುಡ್ಡೆಯ ಆಚೆ ಇದ್ದರೆ ಫೋನ್ ತಾನೇ ಏನು ಮಾಡೀತು?

ಕೊನೆಗೆ ತೊಂದರೆ ತೀರಿದ್ದು ಮನೆಗೆ ಫೈಬರ್ ಹಾಕಿಸಿ, ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದ ಮೇಲೆ. ಮಾಮೂಲಿ ಕಾಲ್ ಟವರಿನ ಬದಲು ವೈಫೈಯಲ್ಲೇ ಹೋಗುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ತಮಾಷೆ ಏನೆಂದರೆ ಇದು ಹಳೆ ಫೋನಿನಲ್ಲೂ ಇತ್ತು. ನಾನು ನೋಡಿರಲಿಲ್ಲ ಅಷ್ಟೆ. ಕರೆಂಟ್ ಹೋದರೆ ಮಾತ್ರ ಮತ್ತೆ ಗೇರುಮರವೇ ಗತಿ.

ಬೆರಳಚ್ಚಿನ ಕಥೆ ಕೇಳಿ. ಅಡಿಕೆ ಸುಲಿಯುವ ದಿನಗಳಲ್ಲಿ ಹೆಬ್ಬೆರಳು ಕಪ್ಪಾಗಿ, ಒರಟಾಗಿ, ಗೆರೆಗಳೇ ಸವೆದು ಹೋಗುತ್ತವೆ. ಫೋನಿಗೆ ನನ್ನ ಗುರುತೇ ಸಿಗುವುದಿಲ್ಲ. ನಾಲ್ಕೈದು ಸಲ ಒತ್ತಿ, ಬೈದು, ಕೊನೆಗೆ ನಂಬರ್ ಹಾಕುವುದು. ಈಗ ಎಡಗೈಯ ಕಿರುಬೆರಳು ಕೊಟ್ಟಿದ್ದೇನೆ. ಮನೆಯಲ್ಲಿ ಕೆಲಸ ಮಾಡದೆ ನುಣುಪಾಗಿ ಉಳಿದದ್ದು ಅದೊಂದೇ.

ನೀರು ಬಿದ್ದರೂ ಏನೂ ಆಗದು, ಐಪಿ68 ಅಂತ ಪೆಟ್ಟಿಗೆಯಲ್ಲಿದೆ. ಆದರೆ ನೀರಿನಿಂದ ಹಾಳಾದರೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಅವರೇ ಬರೆದಿದ್ದಾರೆ! ಮಳೆಗಾಲದಲ್ಲಿ ಬೆಳಗ್ಗೆ ಚಾರ್ಜಿಗಿಟ್ಟರೆ ಪೋರ್ಟಿನಲ್ಲಿ ಪಸೆ ಇದೆ ಅಂತ ಹಟ ಹಿಡಿಯುತ್ತದೆ. "ಹಪ್ಪಳದ ಡಬ್ಬಿಯಲ್ಲಿ ಇಡು, ಪಸೆ ಹಿಡಿಯುವುದಿಲ್ಲ" ಅಂದರು ಅಮ್ಮ.

ಕ್ಯಾಮೆರಾದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಯಕ್ಷಗಾನ ಬಯಲಾಟದ ದಿನ ವೇಷ ಕಟ್ಟುವ ಚೌಕಿಯಲ್ಲಿ ಒಂದು ಬಲ್ಬಿನ ಬೆಳಕು. ಒಬ್ಬರು ಕನ್ನಡಿ ಹಿಡಿದುಕೊಂಡು ಬಣ್ಣದ ಕಡ್ಡಿಯಲ್ಲಿ ಕಣ್ಣಿನ ಸುತ್ತ ಗೆರೆ ಎಳೆಯುತ್ತಿದ್ದರು. ಹಳೆ ಫೋನಿನಲ್ಲಾದರೆ ಮುಖ ಅಂತ ಒಂದು ಹಳದಿ ಮುದ್ದೆ ಬರುತ್ತಿತ್ತು. ಇದರಲ್ಲಿ ಕಡ್ಡಿಯ ತುದಿಯ ಬಣ್ಣ, ಹಣೆಯ ಬೆವರು, ಕನ್ನಡಿಯೊಳಗಿನ ಕಣ್ಣು ಎಲ್ಲ ಬಂದಿದೆ. ಆ ಒಂದು ಫೋಟೋ ನೋಡಿದಾಗ ದುಡ್ಡು ಹೋದದ್ದು ಮರೆತು ಹೋಗುತ್ತದೆ. ಆಮೇಲೆ ಲೆಕ್ಕದ ಪುಸ್ತಕ ತೆಗೆದರೆ ನೆನಪಾಗುತ್ತದೆ.

ಬೆಲೆಯಲ್ಲಿ 18% ಜಿಎಸ್‌ಟಿ, ಅಂದರೆ 12,000ಕ್ಕೂ ಜಾಸ್ತಿ ತೆರಿಗೆಯೇ. ಚಾರ್ಜರ್ ಬೇರೆ ತೆಗೆಯಬೇಕು. ಬಡ್ಡಿ ಇಲ್ಲದ ಕಂತು ಅಂದದ್ದಕ್ಕೆ ಬ್ಯಾಂಕಿನವರು ಬಡ್ಡಿಯ ಮೇಲಿನ ಜಿಎಸ್‌ಟಿ ಹಿಡಿದರು. ಇಲ್ಲದ ಬಡ್ಡಿಗೆ ತೆರಿಗೆ ಎಲ್ಲಿಂದ ಬಂತೋ! ಏಳು ವರ್ಷ ಅಪ್‌ಡೇಟ್ ಕೊಡುತ್ತಾರಂತೆ. ಏಳೂ ವರ್ಷ ಬಾಳಿದರೂ ವರ್ಷಕ್ಕೆ 11,400 ಆಯಿತು. ಹಳೆಯದಕ್ಕೆ ಬಿದ್ದದ್ದು ವರ್ಷಕ್ಕೆ 3,500.

ರೀಚಾರ್ಜಿನದ್ದು ಬೇರೆಯೇ ತಲೆನೋವು. 2024ರ ಜುಲೈಯಲ್ಲಿ ಖಾಸಗಿಯವರೆಲ್ಲ ದರ ಏರಿಸಿದ ಮೇಲೆ ಲೆಕ್ಕವಿಲ್ಲದ 5ಜಿ ಬೇಕಾದರೆ ದಿನಕ್ಕೆ 2 ಜಿಬಿಯ ಪ್ಲಾನೇ ಹಾಕಬೇಕು ಅಂದರು. 5ಜಿ ಫೋನಲ್ವಾ, ಹಾಕಿದೆ. 84 ದಿನಕ್ಕೆ 900ರ ಆಸುಪಾಸು. 5ಜಿ ಸಿಗುವುದು ಕಾಸರಗೋಡಿಗೋ ಕುಂಬಳೆಗೋ ಹೋದಾಗ, ತಿಂಗಳಲ್ಲಿ ಎರಡು ಸಲ. ಮನೆಯಲ್ಲಿ ಹೇಗೂ ವೈಫೈ. ಆ 2 ಜಿಬಿ ಮುಟ್ಟದೆಯೇ ರಾತ್ರಿ 12ಕ್ಕೆ ಮುಗಿದು ಹೋಗುತ್ತದೆ.

ಅಮ್ಮನಿಗೆ ನೆಟ್ ಬೇಡವೇ ಬೇಡ. ಅವರದ್ದು ಒತ್ತುವ ಬಟನ್ನಿನ ಫೋನ್. ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು ಅಂತ ಫೋನ್ ಕಂಪೆನಿಗಳನ್ನು ನಿಯಂತ್ರಿಸುವ ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶ ಮಾಡಿತ್ತು. 500ರ ಒಳಗೆ 84 ದಿನದ್ದು ಇದೆ, ಆದರೆ ಆ್ಯಪ್‌ನಲ್ಲಿ ಕೆಳಗೆ ಕೆಳಗೆ ಜಾರಿಸಿದ ಮೇಲೆ ಕಾಣುತ್ತದೆ. ಕೇಳೋಣ ಅಂತ ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಮಲಯಾಳ, ಹಿಂದಿ, ಇಂಗ್ಲಿಷ್. ಕನ್ನಡಕ್ಕೆ ಒತ್ತುವ ನಂಬರೇ ಇಲ್ಲ. ಗಡಿಯ ಸಾರಡ್ಕ ದಾಟಿ ಕರ್ನಾಟಕದ ವಿಟ್ಲದಲ್ಲಿ ಸಿಮ್ ತೆಗೆದ ಭಾವನಿಗೆ ಅದೇ ಕಂಪೆನಿ ಕನ್ನಡದಲ್ಲಿ ಮಾತಾಡುತ್ತದೆ. ಅಮ್ಮನಿಗೆ ಮಲಯಾಳ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಪ್ಲಾನ್ ಮುಗಿಯುತ್ತದೆ ಅಂತ ಬರುವ ಮೆಸೇಜನ್ನು ಪ್ರತಿ ಸಲ ನಾನೇ ಓದಿ ಹೇಳಬೇಕು.

ನಾನೂ ಮುಂದಿನ ಸಲ 2 ಜಿಬಿ ಬಿಟ್ಟು ಸಣ್ಣ ಪ್ಲಾನ್ ಹಾಕುತ್ತೇನೆ. ಫೋನ್ ಮಾರುವುದಿಲ್ಲ, ಬಯಲಾಟದ ಸೀಸನ್ ಇನ್ನೂ ಇದೆ. ಮಗಳಿಗೆ ಕಾಲೇಜಿಗೆ ಒಂದು ಬೇಕಂತೆ, 20,000ದ ಒಳಗೆ ನೋಡುತ್ತಿದ್ದೇವೆ. ವೈಫೈ ಕಾಲಿಂಗ್ ಇದೆಯಾ ಅಂತ ಈ ಸಲ ಅಂಗಡಿಯಲ್ಲೇ ತೆರೆಸಿ ನೋಡುತ್ತೇನೆ.