ತೋಟಾ ಓಲೆ: 12 ಬೋರ್ ಚೆನ್ನಾ, ಪಾಯಿಂಟ್ ಟೂ ಟೂ ಚೆನ್ನಾ?

ನಮ್ಮ ಸೋದರಮಾವನ ತೋಟ ಗುಬ್ಬಿ ಹತ್ತಿರ. ಕಡಲೆಕಾಯಿ ಬಲಿಯುವ ಹೊತ್ತಿಗೆ ಅಲ್ಲಿ ಹಂದಿ ಕಾಟ ಶುರು. ಮಾವನ ಹತ್ತಿರ ಲೈಸೆನ್ಸ್ ಇರುವ ಜೋಡಿ ನಳಿಗೆ ಬಂದೂಕು ಇದೆ. ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುತ್ತಾರೆ. ಹಂದಿ ಓಡಿಸಲು ಗಾಳಿಗೆ ಹೊಡೆದು ಬಿಟ್ಟ ಖಾಲಿ ತೋಟಾಗಳ, ಅಂದರೆ ಕಾಡತೂಸುಗಳ, ಹಿತ್ತಾಳೆ ಬುಡ ನೋಡಿದ ದಿನವೇ ನನಗೆ ಅದರಲ್ಲಿ ಓಲೆ ಕಂಡಿತ್ತು.

ಮೊದಲೇ ಹೇಳಿಬಿಡುತ್ತೇನೆ. ನಾನು ಮುಟ್ಟಿದ್ದೆಲ್ಲ ಹೊಡೆದು ಖಾಲಿಯಾದದ್ದು, ಅದೂ ಲೈಸೆನ್ಸ್ ಇರುವವರು ಕೈಯಾರೆ ಕೊಟ್ಟದ್ದು. ಜೀವಂತ ತೋಟಾವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಅದಕ್ಕೆ ಡ್ರಿಲ್ ಇಟ್ಟರೆ ಕೇಸಿಗಿಂತ ಮೊದಲು ಬೆರಳು ಹೋಗುತ್ತದೆ.

ಮಾವನ ಬಂದೂಕಿನ 12 ಬೋರಿನಿಂದ ಶುರು ಮಾಡಿದೆ. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ, ಅದಕ್ಕೇ ಆ ಹೆಸರು. ತೋಟಾದ ಬುಡದ ಅಂಚು ಸುಮಾರು 22 ಮಿಲಿಮೀಟರ್ ಅಗಲ. ನೋಡೋಕೆ ಹಳೇ ಕಾಲದ ದೊಡ್ಡ ಬೆಂಡೋಲೆ ಥರ. ಸುತ್ತ ಅಕ್ಷರ, ನಡುವೆ ಪೆಟ್ಟು ತಿಂದ ಪುಟ್ಟ ಕೇಪು, ಅಂದರೆ ಸಿಡಿಯುವ ಮದ್ದಿನ ಬಟ್ಟಲು. ಆ ಕೇಪನ್ನು ಒಳಗಡೆಯಿಂದ ಮೊಳೆ ಇಟ್ಟು ತಟ್ಟಿ ತೆಗೆದರೆ 6 ಮಿಲಿಮೀಟರ್ ಚಿಲ್ಲರೆಯ ದುಂಡು ಗುಂಡಿ ಸಿಗುತ್ತದೆ, ಕೆಂಪು ಹರಳು ಕೂರಿಸಲು ಹೇಳಿ ಮಾಡಿಸಿದ ಹಾಗೆ. ಚೆಲುವಿಗೆ ಪೂರ್ತಿ ಮಾರ್ಕು.

ಆದರೆ ಕೆಲಸ ಸುಲಭ ಇಲ್ಲ. ಪ್ಲಾಸ್ಟಿಕ್ ಕೊಳವೆಯನ್ನು ಹಿತ್ತಾಳೆಯ ಮಟ್ಟಕ್ಕೆ ಕೊಯ್ದ ಮೇಲೂ ಒಳಗೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕಚ್ಚಿಕೊಂಡಿರುತ್ತದೆ. ನನಗದು ಗೊತ್ತಿರಲಿಲ್ಲ. ಕೊಕ್ಕೆ ಸಿಕ್ಕಿಸಲು ಮೇಲೆ ಒಂದು ಪುಟ್ಟ ಉಂಗುರ ಬೆಸೆಯೋಣ ಎಂದು ಚಿಕ್ಕಪೇಟೆಯ ಅಕ್ಕಸಾಲಿಯೊಬ್ಬರ ಹತ್ತಿರ ಒಯ್ದೆ. ಉರಿ ತಾಗಿದ್ದೇ ತಡ, ಅಂಗಡಿ ತುಂಬ ಕಪ್ಪು ಹೊಗೆ, ಸುಟ್ಟ ಚಪ್ಪಲಿ ವಾಸನೆ. ತಾಳಿ ಮಾಡಿಸಲು ಬಂದಿದ್ದವರು ಎದ್ದು ಆಚೆ ಹೋದರು. ನಾನೂ ಹೋದೆ! ಆಮೇಲೆ ಬೆಸುಗೆಯ ಆಸೆ ಬಿಟ್ಟು ಅಂಚಿಗೆ ತೂತು ಹಾಕಿದೆ.

ಇನ್ನೊಂದು ಮೋಸ ಇದೆ. ಹಿತ್ತಾಳೆ ಹಾಗೆ ಹೊಳೆಯುವ ಎಷ್ಟೋ ಬುಡಗಳು ಒಳಗೆ ಬರೀ ಕಬ್ಬಿಣ, ಮೇಲೆ ಹಿತ್ತಾಳೆ ಲೇಪ. ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಳ್ಳುತ್ತದೆ. ಅಂಥದ್ದನ್ನು ಅರ ಹಾಕಿ ಉಜ್ಜಿದರೆ ಮಳೆಗಾಲದಲ್ಲಿ ತುಕ್ಕು. ಅಸಲಿ ಹಿತ್ತಾಳೆಯದ್ದೂ ಒಳಬಿಲ್ಲೆ ಸೇರಿ ಒಂದೊಂದು ಸುಮಾರು 4 ಗ್ರಾಂ ತೂಗಿತು. ಚಿಕ್ಕಮ್ಮ ಒಂದು ಮದುವೆಗೆ ಹಾಕಿಕೊಂಡು ಹೋದವರು ಊಟದ ಪಂಕ್ತಿಯಲ್ಲೇ ಬಿಚ್ಚಿ ಪರ್ಸಿಗೆ ಹಾಕಿದರು.

ಪಾಯಿಂಟ್ ಟೂ ಟೂ, ಅಂದರೆ 0.22 ಇಂಚಿನ ರೈಫಲ್ ತೋಟಾ, ಬಂದದ್ದು ತಂಗಿಯ ಗೆಳತಿಯಿಂದ. ಅವಳು 50 ಮೀಟರ್ ರೈಫಲ್ ಅಭ್ಯಾಸ ಮಾಡುವವಳು. ಶೂಟಿಂಗ್ ರೇಂಜಿನಲ್ಲಿ ಕೇಳಿಯೇ ಒಂದು ಡಬ್ಬಿ ಖಾಲಿ ಕೊಳವೆ ತಂದುಕೊಟ್ಟಳು. ಉದ್ದ ಹದಿನೈದೂವರೆ ಮಿಲಿಮೀಟರ್, ತೂಕ ಒಂದು ಗ್ರಾಂ ಕೂಡ ಇಲ್ಲ. ಕಿವಿಯಲ್ಲಿ ಇದೆ ಅನ್ನುವುದೇ ಮರೆತುಹೋಗುತ್ತದೆ. ಇದಕ್ಕೆ ನಡುವೆ ಕೇಪು ಇರುವುದಿಲ್ಲ. ಸಿಡಿಯುವ ಮದ್ದು ಬುಡದ ಅಂಚಿನ ಮಡಿಕೆಯೊಳಗಿರುತ್ತದೆ. ಹಾಗಾಗಿ ಬಂದೂಕಿನ ಮುಳ್ಳು ಹೊಡೆದ ಗುರುತು ಅಂಚಿನಲ್ಲೇ. ಒಂದೇ ರೈಫಲಿನ ಎರಡು ಕೊಳವೆ ತೆಗೆದುಕೊಂಡರೆ ಗುರುತು ಒಂದೇ ಥರ ಇರುತ್ತದೆ. ಜೋಡಿ ಹುಡುಕೋಕೆ ಅದೇ ದಾರಿ.

ಮೊದಲ ನಾಲ್ಕನ್ನು ಇಕ್ಕಳದಲ್ಲಿ ಹಿಡಿದು ಚಪ್ಪಟೆ ಮಾಡಿದೆ, ಅಷ್ಟು ತೆಳು. ಆಮೇಲೆ ತೆಂಗಿನ ಪೊರಕೆ ಕಡ್ಡಿ ನಾಲ್ಕೈದು ಒತ್ತಾಗಿ ಒಳಗೆ ತುರುಕಿ ಹಿಡಿದೆ, ನಿಂತಿತು. ಬುಡದ ಸರಿ ನಡುವೆ 1 ಮಿಲಿಮೀಟರ್ ತೂತು, ಅದರೊಳಗೆ ತಂತಿ, ತಂತಿಯ ತುದಿಗೆ ಒಂದು ಮುತ್ತು. ಬಾಯಿ ಕೆಳಗಾಗಿ ನೇತಾಡುವ ಪುಟಾಣಿ ಗಂಟೆ. ಬಾಯಿಯ ಅಂಚನ್ನು ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜಲೇಬೇಕು, ಇಲ್ಲದಿದ್ದರೆ ದುಪಟ್ಟಾ ದಾರ ಎಳೆಯುತ್ತದೆ. ಒಣಗಿದ್ದನ್ನು ಉಜ್ಜಬೇಡಿ. ಒಳಗಿನ ಮಸಿಯಲ್ಲಿ ಸೀಸ ಇರುತ್ತದೆ, ಧೂಳು ಮೂಗಿಗೆ ಹೋಗುತ್ತದೆ.

ತೊಳೆಯೋಕೆ ಎರಡಕ್ಕೂ ಹುಣಸೆಹಣ್ಣೇ. ತುಮಕೂರಲ್ಲಿ ಇದ್ದುಕೊಂಡು ಬೇರೆ ಏನು ಹುಡುಕುವುದು? ಹತ್ತು ನಿಮಿಷ ಸಾಕು. ಒಂದು ಸಲ ರಾತ್ರಿಯಿಡೀ ಬಿಟ್ಟೆ, ಬೆಳಗ್ಗೆ ನೋಡಿದರೆ ಹಳದಿ ಹೋಗಿ ತಾಮ್ರದ ಥರ ಕೆಂಪಗಾಗಿತ್ತು. ಪಾತ್ರೆ ಮಾತ್ರ ಬೇರೆ ಇಡಿ, ಅಡುಗೆಮನೆಯದ್ದು ಬೇಡ.

ಬೆಳ್ಳಿ ಬಣ್ಣದ ಕೊಳವೆಗಳೂ ಕೆಲವಿದ್ದವು. ಅದು ನಿಕ್ಕಲ್ ಲೇಪ. ತಂಗಿಗೆ ಎರಡೇ ದಿನಕ್ಕೆ ಕಿವಿಯ ಹತ್ತಿರ ಕೆಂಪಗಾಗಿ ತುರಿಕೆ ಎದ್ದಿತು. ಹಿತ್ತಾಳೆ ಕೊಕ್ಕೆ ಹಾಕಿದರೆ ತೂತಿನ ಸುತ್ತ ಹಸಿರು. ಈಗ ಕೊಕ್ಕೆ ಮಾತ್ರ ಬೆಳ್ಳಿಯದ್ದೇ. ಖರ್ಚು ಜಾಸ್ತಿ, ಆದರೆ ಇಡೀ ಓಲೆಯಲ್ಲಿ ದುಡ್ಡು ಹೋಗುವುದೇ ಅದೊಂದಕ್ಕೆ.

ಏರ್‌ಗನ್ನಿನ ಚರೆಗಳನ್ನೂ ನೋಡಿದೆ. ನಾಲ್ಕೂವರೆ ಮಿಲಿಮೀಟರ್, ಸೊಂಟ ಸಣ್ಣಗಿರುವ ಡಮರು ಆಕಾರ, ಮಣಿಯ ಹಾಗೆ ಪೋಣಿಸಬಹುದು. ಆದರೆ ಸಾಮಾನ್ಯವಾಗಿ ಸಿಗುವುದು ಸೀಸದ್ದು. ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತದೆ, ಬೆರಳಿಗೆ ಬೂದು ಬಣ್ಣ. ಮಕ್ಕಳು ಅಮ್ಮನ ಓಲೆ ಬಾಯಿಗೆ ಹಾಕಿಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ ಅಲ್ವಾ? ಡಬ್ಬಿ ಮುಚ್ಚಿ ವಾಪಸ್ ಕೊಟ್ಟೆ.

ಹಾಗಾಗಿ ನನ್ನ ವೋಟು ಪಾಯಿಂಟ್ ಟೂ ಟೂಗೆ. ವಿಮಾನ ನಿಲ್ದಾಣಕ್ಕೆ ಮಾತ್ರ ಯಾವುದನ್ನೂ ಹಾಕಿಕೊಂಡು ಹೋಗಬೇಡಿ, ವಿವರಿಸುವಷ್ಟರಲ್ಲಿ ವಿಮಾನ ಹೋಗಿರುತ್ತದೆ.

ಅಜ್ಜಿಗೆ ಗಂಟೆ ಓಲೆ ತುಂಬ ಹಿಡಿಸಿತ್ತು. ಏನದು ಅಂತ ಹೇಳಿದ ಮೇಲೆ, "ಯಾವ ಪ್ರಾಣಿ ಮೇಲೆ ಹೊಡೆದಿದ್ದೋ ಏನೋ, ನಂಗೆ ಬ್ಯಾಡ ಕಣವ್ವಾ" ಅಂದರು. ಕಾಗದದ ಗುರಿಗೆ ಹೊಡೆದದ್ದು ಅಜ್ಜಿ ಅಂದೆ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿ, "ತಿರುಪಿಂದು ಇದ್ರೆ ಕೊಡು, ಕೊಕ್ಕೆ ಜಾರ್ತದೆ" ಅಂದರು. ತಿರುಪು ಹಾಕುವುದು ಹೇಗೆ ಅಂತ ಈಗ ನೋಡುತ್ತಿದ್ದೇನೆ.